ಬೊಬ್ಬೆ

ಐದನೆಯ ಮಹಡಿಗೂ ಆರನೆಯದಕ್ಕೂ ನಡುವೆ
ಲಿಫ್ಟಿನ ನೆತ್ತಿಯ ಮೇಲೆ ಕೂತು
ಹಳೇ ಕೇಬಲ್ಲಿಗೆ ಗ್ರೀಸು ಸವರುತ್ತಿದ್ದೆ.
ಕುತಾಯಿಸಿಯ ನಮ್ಮ ಈ ಕಟ್ಟಡದಲ್ಲಿ
ಕಾಸು ಹಾಕದೆ ಲಿಫ್ಟು ಕದಲುವುದಿಲ್ಲ;
ನನಗೊಬ್ಬನಿಗೆ ಬಿಟ್ಟಿ, ರಿಪೇರಿಯವನಲ್ಲವೇ.

ಆಗ ಕೇಳಿಸಿತು: ಟಳ್.
ಗಾಜಲ್ಲ. ತಗಡಲ್ಲ.
ಮಣ್ಣು. ಸುಟ್ಟ ಮಣ್ಣು.
ಅದರ ಬೆನ್ನಿಗೇ ಮಗಳ ಸಣ್ಣದೊಂದು ‘ಆ’.

ಎರಡರಲ್ಲಿ ಯಾವುದಕ್ಕೆ ಓಡಿದೆ ಎಂದು
ಕೇಳಬೇಡಿ.

ಅಡುಗೆಮನೆ ತುಂಬ ಮೆಕ್ಕೆಜೋಳದ ಕಮಟು ಹೊಗೆ.
ಮೇಲಿಟ್ಟದ್ದೇನೂ ಇಲ್ಲದೆ ಸುಮ್ಮನೆ ಉರಿಯುವ ಗ್ಯಾಸು.
ಸಿಂಕಿನಲ್ಲಿ ನನ್ನಮ್ಮನ ಕೆತ್ಸಿ,
ಶ್ರೋಶಾದ ಹೆದ್ದಾರಿಯ ಪಕ್ಕ ಬಸ್ಸು ನಿಲ್ಲಿಸಿ
ಕುಂಬಾರನ ಹತ್ತಿರ ಮೂರು ಸಲ ಚೌಕಾಸಿ ಮಾಡಿ
ಕೊಂಡು ತಂದ ಮಣ್ಣಿನ ಕಾವಲಿ.
ದಾರಿಯುದ್ದಕ್ಕೂ ಅದು ಅವಳ ಮಡಿಲಲ್ಲಿ;
ನಾನು ಪಕ್ಕದಲ್ಲಿ ನಿಂತುಕೊಂಡು. ಆಗ ನನಗೆ ಆರು ವರ್ಷ.
ಮೂವತ್ತು ವರ್ಷ ರೊಟ್ಟಿ ಬೇಯಿಸಿ ಬೇಯಿಸಿ
ಎಣ್ಣೆ ಕುಡಿದು ಮುಖ ಕಾಣುವಷ್ಟು ಕಪ್ಪಾಗಿದ್ದದ್ದು
ಈಗ ಎರಡು ಹೋಳು.
ಕಾದು ಕೆಂಡವಾದದ್ದಕ್ಕೆ ತಣ್ಣೀರು ಬಿಟ್ಟಿದ್ದಾಳೆ ಹುಡುಗಿ.

‘ಒಡೀತಾ?’
ಎಂದು ಬೊಬ್ಬೆ ಹೊಡೆದೆ.

ತೆಕ್ಲೆ ಬಲಗೈಯ ತೋರುಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು
ಮೂಗಿನ ಹತ್ತಿರ ತಂದು, ತಿರುಗಿಸಿ ನೋಡಿ ಹೇಳಿದಳು:
‘ಇಲ್ಲಪ್ಪ, ಇನ್ನೂ ಒಡೆದಿಲ್ಲ.
ಈಗ ತಾನೇ ಎದ್ದಿದೆ.’

ದಾಳಿಂಬೆಯ ಒಂದು ಕಾಳಿನಷ್ಟು ಬೊಬ್ಬೆ,
ಒಳಗೆ ನೀರು, ಮೇಲೆ ನಮ್ಮ ಬಲ್ಬಿನ ಪುಟ್ಟ ಬೆಳಕು.

ತಿದ್ದಬಹುದಿತ್ತು. ತಿದ್ದಲಿಲ್ಲ.
ಗ್ಯಾಸು ಆರಿಸಿದೆ. ಬೆರಳನ್ನು ನಲ್ಲಿಯ ಕೆಳಗೆ ಹಿಡಿದೆ,
ನನ್ನ ಕೈಯ ಗ್ರೀಸು ಅವಳ ಮಣಿಕಟ್ಟಿಗೆಲ್ಲ ಮೆತ್ತಿತು.
ನಮ್ಮಿಬ್ಬರ ಕೈಯ ಕೆಳಗೆ ಆ ಎರಡು ಹೋಳು,
ಅವುಗಳ ಮೇಲೂ ಅದೇ ನೀರು.

ಅಷ್ಟರಲ್ಲಿ ಎದುರುಮನೆಯ ನಾಟೆಲಾ ಟೂತ್‌ಪೇಸ್ಟು ಹಿಡಿದು ಬಂದಳು,
ಮೇಲಿನ ಮಹಡಿಯ ಮುದುಕ ಮೊಟ್ಟೆಯ ಬಿಳಿ ಅಂದ,
ಇನ್ಯಾರೋ ಬಾಗಿಲಲ್ಲೇ ನಿಂತು
ಲಿಫ್ಟು ಯಾವಾಗ ಸರಿಹೋಗುತ್ತೆ ಅಂದರು.
‘ಹತ್ತು ನಿಮಿಷ’ ಅಂದೆ ಎಲ್ಲರಿಗೂ.
ನೀರು ಬಿಡುತ್ತಲೇ ಇದ್ದೆ.

‘ನಿನಗೆ ಬಿಸಿ ರೊಟ್ಟಿ ಕೊಡೋಣ ಅಂತಿದ್ದೆ,
ಅಂಚು ಮುಟ್ಟಬಾರದಿತ್ತು’ ಅಂದಳು.
ಅತ್ತಿರಲಿಲ್ಲ. ನನಗೆ ಗಂಟಲು ಕಟ್ಟಿತ್ತು;
ಹೊಗೆ, ಅಂದೆ.

ಭಾನುವಾರ ಫೋನಿನಲ್ಲಿ ಅವಳಮ್ಮ.
ಇಟಲಿಯ ಬಾರಿ ಎಂಬ ಊರಿನಲ್ಲಿ ಯಾರದೋ ಅಜ್ಜಿಗೆ
ಸ್ನಾನ ಮಾಡಿಸಿ, ಮಾತ್ರೆ ನುಂಗಿಸಿ, ಮಲಗಿಸಿ
ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾಳೆ.
ತೆಕ್ಲೆ ಬೆರಳನ್ನು ಪರದೆಗೆ ಒತ್ತಿಹಿಡಿದು
ಇಡೀ ಕಥೆ ಒಪ್ಪಿಸಿದಳು, ಕೊನೆಗೆ:
‘ಅಪ್ಪ ಓಡಿಬಂದವನೇ
ಮೊದಲು ನನ್ನ ಬೆರಳನ್ನೇ ಕೇಳಿದ.’

ಮಾಕ್ವಾಲಾ ಪರದೆಯೊಳಗಿನಿಂದ ನನ್ನ ಕಡೆ ನೋಡಿದಳು.
ಅವಳಿಗೆ ನನ್ನ ಪರಿಚಯ ಹದಿನಾಲ್ಕು ವರ್ಷದ್ದು.
ಮಗಳ ಬೆರಳಿಗೆ ‘ಉಫ್’ ಎಂದು ಊದಿದಳು ಅಲ್ಲಿಂದಲೇ.
ಮಗು ಆಚೆ ಹೋದ ಮೇಲೆ, ಮೆಲ್ಲಗೆ:
‘ಕೆತ್ಸಿ ಹೋಯಿತಾ?’
‘ಹೂಂ.’
‘ಹೋಗಲಿ ಬಿಡು’ ಅನ್ನಲಿಲ್ಲ.
ಬೇರೆ ಏನೂ ಅನ್ನಲಿಲ್ಲ.

ಹೋಳುಗಳನ್ನು ಎಸೆಯಲು ಎರಡು ಸಲ ಕೆಳಗಿಳಿದೆ,
ಎರಡು ಸಲವೂ ಮರಳಿ ತಂದೆ.
ಈಗ ಒಂದರಲ್ಲಿ ಬೆಕ್ಕಿಗೆ ಹಾಲು.
ಇನ್ನೊಂದು ನನ್ನ ಹತಾರಗಳ ಪೆಟ್ಟಿಗೆಯಲ್ಲಿ,
ಯಾಕೆಂದು ಗೊತ್ತಿಲ್ಲ.

ಐದನೆಯ ದಿನ, ಬೆಳಗ್ಗೆ, ಬೂಟಿನ ದಾರ ಕಟ್ಟುತ್ತಿದ್ದೆ.
‘ಅಪ್ಪಾ, ಒಡೀತು!’
ಎಂದು ಓಡಿಬಂದಳು, ಒದ್ದೆ ಬೆರಳು ಮುಂದೆ ಚಾಚಿ.

ನನ್ನ ಕಣ್ಣು ಮೊದಲು ಹೋದದ್ದು
ಗೂಡಿನ ಕಡೆಗೆ,
ಅಲ್ಲಿ ಏನೂ ಇಲ್ಲದಿದ್ದರೂ.